ಕಾಸಿಗೆ ತಕ್ಕ ಕಜ್ಜಾಯ ಯಾವುದು? ಬ್ರಿಟನ್ನಿನಲ್ಲಿ ಬ್ಯಾಂಕ್ ಬದಲಿಸಿ ಬೋನಸ್ ಪಡೆಯುವ ನಾಲ್ಕು ಖಾತೆಗಳ ಹೋಲಿಕೆ

ಬ್ರಿಟನ್ನಿನ ಬ್ಯಾಂಕುಗಳು ಪಕ್ಕದ ಬ್ಯಾಂಕಿನ ಗ್ರಾಹಕರನ್ನು ಸೆಳೆಯಲು ದುಡ್ಡು ಕೊಡುತ್ತವೆ. ಒಂದು ಕರೆಂಟ್ ಅಕೌಂಟ್ ಎತ್ತಿಕೊಂಡು ಹೋದರೆ 175, ಕೆಲವೊಮ್ಮೆ 200 ಪೌಂಡ್. ನಮ್ಮೂರಲ್ಲಿ ಕರೆಂಟ್ ಅಕೌಂಟ್ ಅಂದರೆ ಅಂಗಡಿಯವರದು. ಇಲ್ಲಿ ಹಾಗಲ್ಲ, ಸಂಬಳ ಬೀಳುವ, ಬಿಲ್ಲು ಹೋಗುವ ಮಾಮೂಲಿ ಖಾತೆಗೇ ಆ ಹೆಸರು.

ಫಸ್ಟ್ ಡೈರೆಕ್ಟ್, ನೇಷನ್‌ವೈಡ್ ಫ್ಲೆಕ್ಸ್‌ಡೈರೆಕ್ಟ್, ನ್ಯಾಟ್‌ವೆಸ್ಟ್ ರಿವಾರ್ಡ್, ಸ್ಯಾಂಟ್ಯಾಂಡರ್ ಎಡ್ಜ್, ಈ ನಾಲ್ಕನ್ನು ಒಟ್ಟಿಗೆ ನಡೆಸಿ ನೋಡಿದರೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಬೋನಸ್ ಮೊತ್ತದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಆಮೇಲೆ ಪ್ರತಿ ತಿಂಗಳು ಪೂರೈಸಬೇಕಾದ ಷರತ್ತುಗಳಲ್ಲಿ. ಕೆಳಗಿನ ಅಂಕಿಗಳೆಲ್ಲ 2024ರ ಷರತ್ತಿನವು. ಆಫರುಗಳು ತಿಂಗಳೊಪ್ಪತ್ತಿನಲ್ಲಿ ಬಂದು ಹೋಗುತ್ತವೆ, ಆದ್ದರಿಂದ ಅರ್ಜಿ ಹಾಕುವ ದಿನ ಷರತ್ತುಗಳ ಪಿಡಿಎಫ್ ಇಳಿಸಿಟ್ಟುಕೊಳ್ಳಿ. ಬೋನಸ್ ಬರದೆ ಫೋನಲ್ಲಿ ವಾದಿಸಬೇಕಾಗಿ ಬಂದರೆ ಕೈಯಲ್ಲಿ ಅದೊಂದೇ ದಾಖಲೆ.

ಮೊದಲು ಸ್ವಿಚ್ ಹೇಗೆ ನಡೆಯುತ್ತದೆ ಅನ್ನುವುದು

2013ರ ಸೆಪ್ಟೆಂಬರಿನಲ್ಲಿ ಶುರುವಾದ ಕರೆಂಟ್ ಅಕೌಂಟ್ ಸ್ವಿಚ್ ಸರ್ವಿಸ್ ಮೂಲಕವೇ ಇದು ಆಗಬೇಕು. ಹೊಸ ಬ್ಯಾಂಕಿಗೆ ಹಳೆಯ ಖಾತೆಯ ನಂಬರು, ಸಾರ್ಟ್ ಕೋಡ್ (ಶಾಖೆಯನ್ನು ಗುರುತಿಸುವ ಸಂಖ್ಯೆ), ಡೆಬಿಟ್ ಕಾರ್ಡಿನ ನಂಬರು ಕೊಟ್ಟು ದಿನ ಆರಿಸಿದರೆ ಮುಗಿಯಿತು. 7 ಕೆಲಸದ ದಿನಗಳಲ್ಲಿ ಡೈರೆಕ್ಟ್ ಡೆಬಿಟ್ (ಬಿಲ್ಲಿನವರೇ ಖಾತೆಯಿಂದ ಎಳೆದುಕೊಳ್ಳುವ ಪಾವತಿ), ಸ್ಟ್ಯಾಂಡಿಂಗ್ ಆರ್ಡರ್ (ಗೊತ್ತಾದ ತಾರೀಕಿಗೆ ಹೋಗಲೆಂದು ನಾವೇ ಕಟ್ಟಿಟ್ಟ ಪಾವತಿ), ಉಳಿದ ಹಣ ಎಲ್ಲ ಸಾಗಿ ಹಳೆಯ ಖಾತೆ ಮುಚ್ಚುತ್ತದೆ. ಆಮೇಲೆ ಹಳೆಯ ನಂಬರಿಗೆ ಬಂದ ಹಣವನ್ನೂ ಕನಿಷ್ಠ 3 ವರ್ಷ ಹೊಸದಕ್ಕೆ ತಿರುಗಿಸುತ್ತಾರೆ. ‘ಪಾರ್ಷಿಯಲ್ ಸ್ವಿಚ್’ (ಹಳೆಯ ಖಾತೆ ಮುಚ್ಚದೆ ಕೆಲವು ಪಾವತಿಗಳನ್ನಷ್ಟೇ ಸಾಗಿಸುವುದು) ಅಂತ ಇನ್ನೊಂದು ಆಯ್ಕೆ ಕಾಣುತ್ತದೆ, ಅದನ್ನು ಒತ್ತಬೇಡಿ. ಅದಕ್ಕೆ ಗ್ಯಾರಂಟಿಯೂ ಇಲ್ಲ, ಸಾಮಾನ್ಯವಾಗಿ ಬೋನಸ್ಸೂ ಇಲ್ಲ.

ಸಾಗದೇ ಉಳಿಯುವುದು ಕಾರ್ಡಿನ ಮೇಲೆ ಕತ್ತರಿಸುವ ಚಂದಾಗಳು: ನೆಟ್‌ಫ್ಲಿಕ್ಸ್, ಅಮೆಜಾನ್ ಪ್ರೈಮ್, ಕೆಲವು ಜಿಮ್ಮುಗಳು. ಊರಿಗೆ ದುಡ್ಡು ಕಳಿಸುವ ಆ್ಯಪಿನಲ್ಲಿ ಹಳೆಯ ಕಾರ್ಡ್ ಕೂತಿದ್ದರೆ ಅದನ್ನೂ ನೀವೇ ಬದಲಿಸಬೇಕು.

ಪಳಗಿದವರು ಸಂಬಳದ ಖಾತೆಯನ್ನು ಮುಟ್ಟುವುದೇ ಇಲ್ಲ. ಈಗಿರುವ ಬ್ಯಾಂಕಿನಲ್ಲೇ ಇನ್ನೊಂದು ಕರೆಂಟ್ ಅಕೌಂಟ್ ತೆರೆದು, ಅದಕ್ಕೆ 2 ಡೈರೆಕ್ಟ್ ಡೆಬಿಟ್ ಕಟ್ಟಿ, ಆ ಬಲಿಪಶುವನ್ನು ಸ್ವಿಚ್ಚಿಗೆ ಕೊಡುತ್ತಾರೆ. ಡೈರೆಕ್ಟ್ ಡೆಬಿಟ್ಟಿಗೆ ದೊಡ್ಡ ಬಿಲ್ಲೇ ಬೇಕೆಂದಿಲ್ಲ. ಮೊಬೈಲ್ ಸಿಮ್, ಒಂದು ಚಾರಿಟಿಗೆ ತಿಂಗಳಿಗೆ 2 ಪೌಂಡ್, ಕ್ರೆಡಿಟ್ ಕಾರ್ಡಿನ ಬಿಲ್ಲು, ಮನಿಬಾಕ್ಸ್‌ನಂಥ ಉಳಿತಾಯದ ಆ್ಯಪ್, ಎಲ್ಲ ನಡೆಯುತ್ತದೆ. ಒಂದೇ ಎಚ್ಚರ: ಮ್ಯಾಂಡೇಟ್ (ದುಡ್ಡು ಕತ್ತರಿಸಲು ಕೊಡುವ ಅನುಮತಿ) ಕಟ್ಟಿದ ಮಾತ್ರಕ್ಕೆ ಬ್ಯಾಂಕು ಅದನ್ನು ‘ಆ್ಯಕ್ಟಿವ್’ ಎಂದು ಒಪ್ಪದಿರಬಹುದು. ಒಮ್ಮೆಯಾದರೂ ದುಡ್ಡು ಕತ್ತರಿಸಿರಲಿ. ಹೊಸ ಡೈರೆಕ್ಟ್ ಡೆಬಿಟ್ಟಿನ ಮೊದಲ ಕಂತು ಹೋಗಲು ಎರಡು ವಾರ ಹಿಡಿಯಬಹುದಾದ್ದರಿಂದ ಸ್ವಿಚ್ಚಿಗೆ ಒಂದು ತಿಂಗಳು ಮೊದಲೇ ಈ ಏರ್ಪಾಡು ಮಾಡಿಕೊಳ್ಳಿ.

ಗಂಡ ಹೆಂಡತಿಯ ಜಂಟಿ ಖಾತೆಯನ್ನು ಒಬ್ಬರ ಹೆಸರಿನ ಖಾತೆಗೆ ಸ್ವಿಚ್ ಮಾಡಲಾಗದು. ಒಬ್ಬರದನ್ನು ಜಂಟಿಗೆ ಒಯ್ಯಬಹುದು.

ನಮ್ಮವರಿಗೆ ಅಡ್ಡಿಯಾಗುವುದು ಹೆಚ್ಚಾಗಿ ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಅಥವಾ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎರಡೂ ಸೇರಿರುತ್ತವೆ. ಒಂದು ಬ್ಯಾಂಕು ಅದನ್ನು ಒಂದು ಥರ ಬರೆದುಕೊಂಡಿರುತ್ತದೆ, ಇನ್ನೊಂದು ಇನ್ನೊಂದು ಥರ. ಎರಡೂ ಕಡೆ ಹೆಸರು, ವಿಳಾಸ ತಾಳೆಯಾಗದಿದ್ದರೆ ಸ್ವಿಚ್ ತಿರಸ್ಕೃತ. ಅರ್ಜಿಗೆ ಮುನ್ನ ಹಳೆಯ ಬ್ಯಾಂಕಿನ ಸ್ಟೇಟ್‌ಮೆಂಟ್ ಎದುರಿಗಿಟ್ಟುಕೊಂಡು ಅದರಲ್ಲಿದ್ದ ಹಾಗೇ ತುಂಬಿ. ಗುರುತಿನ ಪರಿಶೀಲನೆ ಸಲೀಸಾಗಲು ಮತದಾರರ ಪಟ್ಟಿಯಲ್ಲೂ ಹೆಸರಿರಲಿ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಇಲ್ಲಿ ಇರಲು ಅನುಮತಿಯಿರುವ ಭಾರತೀಯ ಪ್ರಜೆಗಳೂ ಆ ಪಟ್ಟಿಗೆ ಸೇರಬಹುದು. ಎಷ್ಟೋ ಜನ ಬ್ರಿಟಿಷ್ ಪಾಸ್‌ಪೋರ್ಟ್ ಬಂದಮೇಲೆ ಅಂದುಕೊಂಡು ಸುಮ್ಮನಿರುತ್ತಾರೆ.

ಫಸ್ಟ್ ಡೈರೆಕ್ಟ್

175 ಪೌಂಡ್. ಎರಡು ಡೈರೆಕ್ಟ್ ಡೆಬಿಟ್ ಅಥವಾ ಸ್ಟ್ಯಾಂಡಿಂಗ್ ಆರ್ಡರ್, 1,000 ಪೌಂಡ್ ಜಮೆ, 5 ಕಾರ್ಡ್ ಪಾವತಿ. ಜಮೆಯಾದ ಸಾವಿರವನ್ನು ಮರುದಿನವೇ ಹೊರಗೆ ಕಳಿಸಿದರೂ ತೊಂದರೆಯಿಲ್ಲ. ಕಾರ್ಡಿನ 5 ಪಾವತಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಅಂಗಡಿಯಲ್ಲಿ ಕಾರ್ಡ್ ತೋರಿಸಿದ ದಿನವೇ ಅದು ಖಾತೆಯಲ್ಲಿ ದಾಖಲಾಗುವುದಿಲ್ಲ, ಒಂದೆರಡು ದಿನ ‘ಪೆಂಡಿಂಗ್’ ಎಂದೇ ನಿಂತಿರುತ್ತದೆ. ಸೂಪರ್‌ಮಾರ್ಕೆಟ್ಟಿನ ಸೆಲ್ಫ್ ಚೆಕೌಟ್‌ನಲ್ಲಿ ಬಾಳೆಹಣ್ಣಿಗೊಂದು, ಹಾಲಿಗೊಂದು, ಬ್ರೆಡ್ಡಿಗೊಂದು ಅಂತ ಬಿಡಿಬಿಡಿಯಾಗಿ ಪಾವತಿಸಿದರೆ ಐದೂ ಹತ್ತು ನಿಮಿಷದಲ್ಲಿ ಮುಗಿಯುತ್ತವೆ. ಹಿಂದೆ ನಿಂತವರು ಗುರಾಯಿಸಬಹುದು, ಅಷ್ಟೇ.

ಈ ಖಾತೆಯ ದೊಡ್ಡ ಗುಣ, ಬೋನಸ್ ಬಂದ ಮೇಲೆ ಯಾವ ತಿಂಗಳ ಷರತ್ತೂ ಇಲ್ಲ, ಶುಲ್ಕವೂ ಇಲ್ಲ. ಜೊತೆಗೆ 7%ರ ರೆಗ್ಯುಲರ್ ಸೇವರ್ ಇದೆ, ತಿಂಗಳಿಗೆ 25ರಿಂದ 300 ಪೌಂಡ್, 12 ತಿಂಗಳು. ಇದರಲ್ಲಿ ಬಹಳ ಜನ ಲೆಕ್ಕ ತಪ್ಪುತ್ತಾರೆ. 3,600ಕ್ಕೆ 7% ಅಂದರೆ 252 ಎಂದುಕೊಳ್ಳುತ್ತಾರೆ. ಮೊದಲ ಕಂತು 12 ತಿಂಗಳು ದುಡಿಯುತ್ತದೆ, ಕೊನೆಯದು ಒಂದೇ ತಿಂಗಳು, ಆದ್ದರಿಂದ ಕೈಗೆ ಬರುವುದು 136.50 ಪೌಂಡ್. ನಮ್ಮ ಆರ್.ಡಿ. ಲೆಕ್ಕ ಗೊತ್ತಿದ್ದವರಿಗೆ ಇದು ಹೊಸದೇನಲ್ಲ.

ಕೊರತೆ ಒಂದಿದೆ. ಇದು ಎಚ್‌ಎಸ್‌ಬಿಸಿಯದೇ ಅಂಗ, ಹಾಗಾಗಿ ಅಲ್ಲಿನ ಗ್ರಾಹಕರಿಗೆ ಬೋನಸ್ ಇಲ್ಲ. ಭಾರತದಿಂದ ಹೊರಡುವ ಮುನ್ನವೇ ಎಚ್‌ಎಸ್‌ಬಿಸಿ ಖಾತೆ ಮಾಡಿಸಿಕೊಂಡು ಬಂದವರಿಗೆ ಈ ಬಾಗಿಲು ಮುಚ್ಚಿದೆ.

ನೇಷನ್‌ವೈಡ್ ಫ್ಲೆಕ್ಸ್‌ಡೈರೆಕ್ಟ್

2023ರ ಶರತ್ಕಾಲದಲ್ಲಿ 200, 2024ರಲ್ಲಿ 175 ಪೌಂಡ್. 2 ಡೈರೆಕ್ಟ್ ಡೆಬಿಟ್, 31 ದಿನದೊಳಗೆ 1,000 ಜಮೆ, ಒಂದು ಕಾರ್ಡ್ ಪಾವತಿ. ನಾಲ್ಕರಲ್ಲಿ ಅತಿ ಸುಲಭದ ಬೋನಸ್ ಇದೇ.

ಮೊದಲ 12 ತಿಂಗಳು 1,500 ಪೌಂಡ್‌ವರೆಗೆ 5% ಬಡ್ಡಿ, ಜೊತೆಗೆ ಕಾರ್ಡ್ ಖರ್ಚಿಗೆ 1% ಕ್ಯಾಶ್‌ಬ್ಯಾಕ್, ತಿಂಗಳಿಗೆ ಗರಿಷ್ಠ 5 ಪೌಂಡ್. ಬಡ್ಡಿಗೆ ತಿಂಗಳಿಗೆ 1,000 ಪೌಂಡ್ ಜಮೆಯಾಗಬೇಕು, ಅದೂ ನೇಷನ್‌ವೈಡ್‌ನ ಹೊರಗಿನಿಂದ. ನಿಮ್ಮದೇ ನೇಷನ್‌ವೈಡ್ ಉಳಿತಾಯ ಖಾತೆಯಿಂದ ದಾಟಿಸಿದ್ದು ಲೆಕ್ಕಕ್ಕಿಲ್ಲ. 12 ತಿಂಗಳ ನಂತರ ಬಡ್ಡಿ 1%ಕ್ಕೆ ಬೀಳುತ್ತದೆ. ಖಾತೆ ತೆರೆದ ದಿನವೇ ಮೊಬೈಲಿನ ಕ್ಯಾಲೆಂಡರಿನಲ್ಲಿ ಹನ್ನೊಂದೂವರೆ ತಿಂಗಳ ನಂತರಕ್ಕೆ ಒಂದು ಅಲಾರಂ ಇಟ್ಟುಕೊಳ್ಳಿ.

ಮೇಲೋಗರವಾಗಿ, 2023ರಿಂದ ಅರ್ಹ ಸದಸ್ಯರಿಗೆ ವರ್ಷಕ್ಕೊಮ್ಮೆ 100 ಪೌಂಡಿನ ‘ಫೇರರ್ ಶೇರ್’ ಬಂದಿದೆ. ಕರೆಂಟ್ ಅಕೌಂಟ್ ಜೊತೆ ಅಲ್ಲೇ ಉಳಿತಾಯ ಅಥವಾ ಗೃಹಸಾಲ ಇರಬೇಕು. ಪ್ರತಿ ವರ್ಷ ಕೊಡುತ್ತೇವೆಂದು ಅವರು ಮಾತು ಕೊಟ್ಟಿಲ್ಲ. ಬಂದರೆ ಹಬ್ಬ, ಲೆಕ್ಕದಲ್ಲಿ ಹಿಡಿಯಬೇಡಿ.

ನ್ಯಾಟ್‌ವೆಸ್ಟ್ ರಿವಾರ್ಡ್

ಆಫರ್ ಇದ್ದಾಗ 200 ಪೌಂಡ್‌ವರೆಗೂ ಕೊಟ್ಟದ್ದುಂಟು. ಆಮೇಲಿನದು ಚಿಲ್ಲರೆ ವ್ಯವಹಾರ: ತಲಾ ಕನಿಷ್ಠ 2 ಪೌಂಡಿನ 2 ಡೈರೆಕ್ಟ್ ಡೆಬಿಟ್ ಹೋದರೆ 4 ಪೌಂಡ್, ಆ್ಯಪಿಗೆ ತಿಂಗಳಿಗೊಮ್ಮೆ ಲಾಗಿನ್ ಆದರೆ 1 ಪೌಂಡ್, ತಿಂಗಳ ಶುಲ್ಕ 2 ಪೌಂಡ್. ನಿವ್ವಳ ಉಳಿಕೆ ತಿಂಗಳಿಗೆ 3, ವರ್ಷಕ್ಕೆ 36. ತಿಂಗಳಿಗೆ 1,250 ಜಮೆಯಾಗಬೇಕು. ಈ ರಿವಾರ್ಡ್ ತಾನಾಗಿ ಖಾತೆಗೆ ಬೀಳುವುದಿಲ್ಲ, ಬೇರೆ ಡಬ್ಬದಲ್ಲಿ ಕೂತಿರುತ್ತದೆ. ಆ್ಯಪಿನಲ್ಲಿ ಹೋಗಿ ನೀವೇ ಖಾತೆಗೆ ಎಳೆದುಕೊಳ್ಳಬೇಕು.

ಎಡವುವುದು ಡೈರೆಕ್ಟ್ ಡೆಬಿಟ್ಟಿನ ದಿನಾಂಕದಲ್ಲಿ. 30ನೇ ತಾರೀಕು ಇಟ್ಟುಕೊಂಡಿರಿ, ಅದು ಶನಿವಾರ ಬಂತು ಅಂದುಕೊಳ್ಳಿ. ಕತ್ತರಿಸುವುದು ಸೋಮವಾರ, ಮುಂದಿನ ತಿಂಗಳಲ್ಲಿ. ಈ ತಿಂಗಳ 4 ಪೌಂಡ್ ಹೋಯಿತು. ಮುಂದಿನ ತಿಂಗಳು ಎರಡು ಸಲ ಕತ್ತರಿಸಿದರೂ ಸಿಗುವುದು 4 ಮಾತ್ರ. 10ರಿಂದ 20ರ ನಡುವಿನ ತಾರೀಕು ಕೇಳಿಕೊಳ್ಳಿ.

ಸ್ಯಾಂಟ್ಯಾಂಡರ್ ಎಡ್ಜ್

ತಿಂಗಳಿಗೆ 3 ಪೌಂಡ್ ಶುಲ್ಕ, 500 ಜಮೆ, 2 ಡೈರೆಕ್ಟ್ ಡೆಬಿಟ್. ಮನೆಯ ಬಿಲ್ಲುಗಳಿಗೆ 1%, ಸೂಪರ್‌ಮಾರ್ಕೆಟ್ ಮತ್ತು ಪ್ರಯಾಣಕ್ಕೆ 1%. ಎರಡಕ್ಕೂ ತಿಂಗಳಿಗೆ ತಲಾ 10 ಪೌಂಡ್ ಮಿತಿ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಕೌನ್ಸಿಲ್ ಟ್ಯಾಕ್ಸ್ 180, ಗ್ಯಾಸ್ ಕರೆಂಟು 140, ನೀರು 40, ಬ್ರಾಡ್‌ಬ್ಯಾಂಡ್ 30, ಮೊಬೈಲ್ 20 ಅಂತ ಹಿಡಿದರೆ 410ಕ್ಕೆ 4.10. ದಿನಸಿ 300, ರೈಲು 100 ಅಂದರೆ ಇನ್ನೊಂದು 4. ಒಟ್ಟು 8.10ರಲ್ಲಿ ಶುಲ್ಕ ಕಳೆದು 5.10.

ಆದರೆ ಪಕ್ಕದಲ್ಲಿ ನೇಷನ್‌ವೈಡ್ ಕಾರ್ಡ್ ಇದ್ದರೆ? ದಿನಸಿಗೂ ರೈಲಿಗೂ ಅದೇ 1% ಅಲ್ಲಿ ಶುಲ್ಕವಿಲ್ಲದೆ ಸಿಗುತ್ತದೆ. ಒಂದೇ ಖರ್ಚನ್ನು ಎರಡು ಕಾರ್ಡಿನಲ್ಲಿ ತೋರಿಸಲಾಗದು. ಆಗ ಎಡ್ಜ್‌ನಿಂದ ಹೆಚ್ಚುವರಿಯಾಗಿ ಬರುವುದು 4.10ರಲ್ಲಿ 3 ಕಳೆದು ತಿಂಗಳಿಗೆ 1.10 ಪೌಂಡ್. ಅದಕ್ಕಾಗಿ ಐದು ಬಿಲ್ಲುಗಳನ್ನು ಅಲ್ಲಿಗೆ ತಿರುಗಿಸುವುದು ನಮ್ಮ ಪ್ರಕಾರ ದಂಡದ ಕೆಲಸ. ನೇಷನ್‌ವೈಡ್‌ನ ಮೊದಲ ವರ್ಷ ಮುಗಿದ ಮೇಲೆ ಎಡ್ಜ್ ತೆರೆಯಿರಿ, ಸ್ವಿಚ್ ಬೋನಸ್ಸನ್ನೂ ಆಗಲೇ ನೋಡಿಕೊಳ್ಳಿ.

ತಿಂಗಳ ಜಮೆಯ ಚಕ್ರ

ಈ ಜಮೆ ಸಂಬಳವೇ ಆಗಿರಬೇಕೆಂದಿಲ್ಲ. ಒಂದೇ ಹಣ ಮೂರು ಖಾತೆ ಸುತ್ತಿ ಬಂದರೂ ಆಯಿತು. ಸಂಬಳ ಫಸ್ಟ್ ಡೈರೆಕ್ಟ್‌ಗೆ ಬೀಳುತ್ತದೆ ಅಂತಿಟ್ಟುಕೊಳ್ಳಿ. 2ನೇ ತಾರೀಕು ಅಲ್ಲಿಂದ ನ್ಯಾಟ್‌ವೆಸ್ಟ್‌ಗೆ 1,250. 7ಕ್ಕೆ ನ್ಯಾಟ್‌ವೆಸ್ಟ್‌ನಿಂದ ನೇಷನ್‌ವೈಡ್‌ಗೆ 1,240. ಉಳಿದ 10ರಲ್ಲಿ ಎರಡು ಡೈರೆಕ್ಟ್ ಡೆಬಿಟ್ಟಿನ 4, ಶುಲ್ಕದ 2 ಹೋಗುತ್ತದೆ. 12ಕ್ಕೆ ನೇಷನ್‌ವೈಡ್‌ನಿಂದ 740 ವಾಪಸ್ ಮೂಲ ಖಾತೆಗೆ. ಅಲ್ಲಿ ಉಳಿದ 500 ತಿಂಗಳ ದಿನಸಿ ಖರ್ಚಿಗೆ, ಅದರ 1% ಅಂದರೆ ಸರಿಯಾಗಿ 5 ಪೌಂಡ್. ಎಲ್ಲ ಸ್ಟ್ಯಾಂಡಿಂಗ್ ಆರ್ಡರ್, ಒಮ್ಮೆ ಕಟ್ಟಿದರೆ ಸಾಕು. ಬಡ್ಡಿ ದುಡಿಯುವ 1,500 ನೇಷನ್‌ವೈಡ್‌ನಲ್ಲಿ ಬೇರೆಯಾಗಿ ಕೂತಿರಲಿ.

ನಡುವೆ 5 ದಿನ ಬಿಟ್ಟದ್ದಕ್ಕೆ ಕಾರಣ ಇದೆ. ಸ್ಟ್ಯಾಂಡಿಂಗ್ ಆರ್ಡರ್ ರಜಾದಿನ ಬಿದ್ದರೆ ಮುಂದಿನ ಕೆಲಸದ ದಿನಕ್ಕೆ ಸರಿಯುತ್ತದೆ. 2021ರ ಏಪ್ರಿಲ್‌ನಲ್ಲಿ ಗುಡ್ ಫ್ರೈಡೇ 2ಕ್ಕೆ, ಈಸ್ಟರ್ ಸೋಮವಾರ 5ಕ್ಕೆ ಬಂದಿತ್ತು. 2 ಮತ್ತು 5ನೇ ತಾರೀಕು ಇಟ್ಟುಕೊಂಡವರಿಗೆ ಎರಡೂ 6ನೇ ತಾರೀಕಿಗೇ ಬಂದು ಬೀಳುತ್ತವೆ. ಒಳಗೆ ಬರುವ ಹಣ ಮುಟ್ಟುವ ಮುನ್ನವೇ ಹೊರಗೆ ಹೋಗುವುದು ಪ್ರಯತ್ನಿಸಿ ಬೌನ್ಸ್ ಆದರೆ, ಅದರ ಮುಂದಿನ ಖಾತೆಯ ಷರತ್ತೂ ಕೈತಪ್ಪುತ್ತದೆ.

ಈ ನಾಲ್ಕರ ಹೊರಗಿನ ಇನ್ನು ಮೂರು ಖಾತೆಗಳನ್ನು ಬೇಗ ಮುಗಿಸೋಣ. ಹ್ಯಾಲಿಫ್ಯಾಕ್ಸ್ ರಿವಾರ್ಡ್ ತಿಂಗಳಿಗೆ 5 ಪೌಂಡ್ ಕೊಡುತ್ತದೆ, 1,500 ಜಮೆಯ ಜೊತೆಗೆ ಡೆಬಿಟ್ ಕಾರ್ಡಿನಲ್ಲಿ 500 ಖರ್ಚು ಅಥವಾ 5,000 ಬ್ಯಾಲೆನ್ಸ್ ಕೇಳುತ್ತದೆ. ಖರ್ಚನ್ನು ಕ್ರೆಡಿಟ್ ಕಾರ್ಡಿನಿಂದ ಡೆಬಿಟ್‌ಗೆ ಎಳೆದರೆ, 100 ಪೌಂಡ್ ಮೀರಿದ ಖರೀದಿಗೆ ಸಿಗುವ ಸೆಕ್ಷನ್ 75 ರಕ್ಷಣೆ (ಮಾರಿದವರು ಕೈಕೊಟ್ಟರೆ ಕ್ರೆಡಿಟ್ ಕಾರ್ಡಿನವರೂ ಹೊಣೆ ಎನ್ನುವ ಕಾನೂನು) ಹೋಗುತ್ತದೆ. ದಿನಸಿಗೆ ಸರಿ, ಊರಿಗೆ ಹೋಗುವ ವಿಮಾನದ ಟಿಕೆಟ್ಟನ್ನು ಮಾತ್ರ ಷರತ್ತು ತುಂಬಲು ಡೆಬಿಟ್‌ನಲ್ಲಿ ಕೊಳ್ಳಬೇಡಿ. ಕ್ಲಬ್ ಲಾಯ್ಡ್ಸ್‌ಗೆ ತಿಂಗಳಿಗೆ 2,000 ಬೇಕು, ಸಿಗುವುದು 6 ಸಿನಿಮಾ ಟಿಕೆಟ್ಟಿನಂಥವು. ಸಿನಿಮಾ ಹುಚ್ಚಿದ್ದವರಿಗೆ ಒಳ್ಳೆಯದು. ಬಾರ್ಕ್ಲೇಸ್ ಬ್ಲೂ ರಿವಾರ್ಡ್ಸ್‌ನಲ್ಲಿ 5 ಕೊಟ್ಟು 5 ತೆಗೆದುಕೊಳ್ಳುವುದು, ನಗದಿನ ಲೆಕ್ಕದಲ್ಲಿ ಸೊನ್ನೆ.

ಬೋನಸ್ಸಿಗೆ ಮುನ್ನ ನೋಡಬೇಕಾದ ಎರಡು ತಾರೀಕು

ಮನೆ ಸಾಲಕ್ಕೆ ಅರ್ಜಿ ಹಾಕುವ ಆಲೋಚನೆಯಿದ್ದರೆ ಅದಕ್ಕೆ 6 ತಿಂಗಳು ಮೊದಲೇ ಸ್ವಿಚ್ಚಿಂಗ್ ನಿಲ್ಲಿಸಿ. ಓವರ್‌ಡ್ರಾಫ್ಟ್ ಸಹಿತದ ಹೊಸ ಖಾತೆಗೆ ಬ್ಯಾಂಕು ಮಾಡುವ ವಿಚಾರಣೆ ಕ್ರೆಡಿಟ್ ವರದಿಯಲ್ಲಿ ಗುರುತು ಬಿಡುತ್ತದೆ, ಸಾಲು ಸಾಲಾಗಿ ಮೂರು ಕಂಡರೆ ಸಾಲ ಕೊಡುವವರು ಹುಬ್ಬೇರಿಸುತ್ತಾರೆ.

ತಾರೀಕಿನ ನಡುವೆ ತೆರಿಗೆಯ ಒಂದು ಮಾತು: ಈ ಖಾತೆಗಳಿಂದ ಬರುವ ಬಡ್ಡಿ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ. ಮೂಲ ದರದವರಿಗೆ ವರ್ಷಕ್ಕೆ 1,000, ಹೆಚ್ಚಿನ ದರದವರಿಗೆ 500 ಪೌಂಡ್‌ವರೆಗಿನ ಬಡ್ಡಿಗೆ ತೆರಿಗೆ ಇಲ್ಲ. ಊರಿನ ಎನ್‌ಆರ್‌ಇ (ಅನಿವಾಸಿ ಭಾರತೀಯರ ಖಾತೆ) ಡಿಪಾಸಿಟ್ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲದಿದ್ದರೂ ಇಲ್ಲಿನ ನಿವಾಸಿಗೆ ಅದೂ ಈ ಲೆಕ್ಕಕ್ಕೆ ಬರುತ್ತದೆ. ಹಿಂದಿನ 10 ವರ್ಷ ಇಲ್ಲಿ ತೆರಿಗೆ ನಿವಾಸಿಯಾಗಿರದ ಹೊಸಬರು 2025ರ ಏಪ್ರಿಲ್ 6ರಿಂದ ಮೊದಲ 4 ವರ್ಷ ವಿದೇಶಿ ಆದಾಯಕ್ಕೆ ವಿನಾಯಿತಿ ಕೇಳಬಹುದು, ಆದರೆ ಕೇಳಿದ ವರ್ಷ ಪರ್ಸನಲ್ ಅಲೊವನ್ಸ್ (ತೆರಿಗೆ ಬೀಳದ ಮೊದಲ ಭಾಗದ ಆದಾಯ) ಬಿಟ್ಟುಕೊಡಬೇಕು. ಸಣ್ಣ ಡಿಪಾಸಿಟ್ ಇರುವವರಿಗೆ ಅದು ನಷ್ಟದ ಬಾಬತ್ತು.

ಎರಡನೆಯ ತಾರೀಕು ವೀಸಾದ್ದು. ಸಂಬಳದ ಖಾತೆಯನ್ನೇ ಸ್ವಿಚ್ ಮಾಡುವುದಾದರೆ ಅದು ಮುಚ್ಚಿದೊಡನೆ ಆ್ಯಪಿನಲ್ಲಿನ ಹಳೆಯ ಸ್ಟೇಟ್‌ಮೆಂಟುಗಳೂ ಕಣ್ಮರೆಯಾಗಬಹುದು. ಐಎಲ್‌ಆರ್ (ಇಲ್ಲೇ ಕಾಯಂ ನೆಲೆಸುವ ಅನುಮತಿ) ಅರ್ಜಿಗೆ ಸಂಬಳ ಬಿದ್ದ ತಿಂಗಳುಗಳ ಸ್ಟೇಟ್‌ಮೆಂಟ್ ಕೇಳುತ್ತಾರೆ. ಮುಚ್ಚಿದ ಖಾತೆಯದನ್ನು ತರಿಸಲು ಪತ್ರ ಬರೆದು ವಾರಗಟ್ಟಲೆ ಕಾಯಬೇಕಾಗಬಹುದು. ಸ್ವಿಚ್ ಗುಂಡಿ ಒತ್ತುವ ಹಿಂದಿನ ರಾತ್ರಿ ಖಾತೆ ತೆರೆದಂದಿನಿಂದ ಇರುವ ಅಷ್ಟೂ ಪಿಡಿಎಫ್ ಇಳಿಸಿ, ತಿಂಗಳ ಹೆಸರು ಹಾಕಿ ಎರಡು ಕಡೆ ಇಟ್ಟುಕೊಳ್ಳಿ.