ಹಳೆಯ ಪಿಸ್ತೂಲನ್ನು ಮನೆಯಲ್ಲಿ ರಿಪೇರಿ ಮಾಡಬೇಡಿ, ಲೇತ್ ಅಂಗಡಿಗೂ ಕೊಡಬೇಡಿ

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆಯ ಕೆಲವು ಮನೆಗಳಲ್ಲಿ ತಾತಂದಿರ ಕಾಲದ ಕೋವಿಯೋ ಪಿಸ್ತೂಲೋ ಇಂದಿಗೂ ಪರವಾನಗಿಯೊಂದಿಗೆ ಉಳಿದುಕೊಂಡಿದೆ. ಚುನಾವಣೆ ಬಂದಾಗ ಅದನ್ನು ಠಾಣೆಯಲ್ಲಿ ಠೇವಣಿ ಇಟ್ಟು, ಮುಗಿದ ಮೇಲೆ ವಾಪಸು ತಂದು, ಆಯುಧಪೂಜೆಯ ದಿನ ಕುಂಕುಮ ಹಚ್ಚಿ ಒಳಗಿಡುವುದು ವಾಡಿಕೆ. ಅಂತಹ ಮನೆಗಳವರಿಗಾಗಿ, ನಮ್ಮ ಚಿಕ್ಕಪ್ಪನವರ ಮನೆಯಲ್ಲಿ ನಡೆದದ್ದು ಇನ್ನೊಂದು ಮನೆಯಲ್ಲಿ ನಡೆಯದಿರಲಿ ಎಂಬ ಕಳಕಳಿಯಿಂದ ಇದನ್ನು ಬರೆಯುತ್ತಿದ್ದೇನೆ.

ಚಿಕ್ಕಪ್ಪನವರ ಬಳಿ ಇದ್ದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ, ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ 1908ರ ಮಾದರಿಯ .32 ಪಿಸ್ತೂಲು. ಆ ಕಂಪನಿ 1979ರಲ್ಲಿ ಬಂದೂಕು ತಯಾರಿಕೆಯನ್ನೇ ನಿಲ್ಲಿಸಿತು. ಈ ಮಾದರಿಯ ತಯಾರಿಕೆಯಂತೂ ಅದಕ್ಕೆ ದಶಕಗಳ ಮೊದಲೇ ನಿಂತಿತ್ತು. ಸಾಮಾನ್ಯವಾಗಿ ಪಿಸ್ತೂಲುಗಳಲ್ಲಿ ಸ್ಲೈಡನ್ನು, ಅಂದರೆ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿಯುವ ಭಾಗವನ್ನು, ಮುಂದಕ್ಕೆ ತಳ್ಳುವುದು ನಳಿಗೆಯ ಸುತ್ತಲೋ ಕೆಳಗೋ ಇರುವ ಸುರುಳಿ ಸ್ಪ್ರಿಂಗ್. ಇದರಲ್ಲಿ ಮಾತ್ರ ಹಿಡಿಕೆಯ ಬಲಬದಿಯ ಫಲಕದ ಕೆಳಗೆ ಕವಲಿನಂತೆ ಬಾಗಿದ ಚಪ್ಪಟೆ ಸ್ಪ್ರಿಂಗ್ ಇರುತ್ತದೆ. ಆದ್ದರಿಂದ ಬೇರೆ ಪಿಸ್ತೂಲಿನ ಸ್ಪ್ರಿಂಗ್ ಇದಕ್ಕೆ ಹೊಂದುವುದಿಲ್ಲ. ಆ ಚಪ್ಪಟೆ ಸ್ಪ್ರಿಂಗ್ ಮುರಿದಾಗ ಮೈಸೂರಿನ ಪರವಾನಗಿ ಪಡೆದ ಡೀಲರೊಬ್ಬರು, ಬಿಡಿಭಾಗ ಸಿಗುವುದಿಲ್ಲ, ತೋಟಾ ತುಂಬದೆ ಇಟ್ಟುಕೊಳ್ಳಿ ಅಥವಾ ಒಪ್ಪಿಸಿಬಿಡಿ ಎಂದು ನೇರವಾಗಿಯೇ ಹೇಳಿದರು. ಆದರೆ ತಾತನ ಕೈಯಿಂದ ಬಂದ ವಸ್ತು ಕೆಟ್ಟು ಕೂತಿರುವುದನ್ನು ನೋಡಲು ಚಿಕ್ಕಪ್ಪನವರಿಗೆ ಮನಸ್ಸು ಒಪ್ಪಲಿಲ್ಲ.

ಆಲೆಮನೆಯ ಗಾಣಕ್ಕೂ ಪಂಪ್‌ಸೆಟ್ಟಿಗೂ ಬಿಡಿಭಾಗ ಮಾಡಿಕೊಡುವ ಲೇತ್ ಕೆಲಸಗಾರರೊಬ್ಬರು ಈ ಕೆಲಸವನ್ನು ಒಪ್ಪಿಕೊಂಡರು. ಅವರು ತಮ್ಮ ಕಸುಬಿನಲ್ಲಿ ನಿಜಕ್ಕೂ ಕುಶಲರು. ಸ್ಪ್ರಿಂಗನ್ನು ಬೇರೆ ಉಕ್ಕಿನಿಂದ ಮಾಡಿ ಕೂರಿಸಿದರು. ಟ್ರಿಗರ್ ಬಿಗಿಯಾಗಿದೆಯೆಂದು ಒಳಗಿನ ಭಾಗಗಳಿಗೆ ಅರವನ್ನೂ ಆಡಿಸಿದರು. ಹಿತ್ತಿಲಿನಲ್ಲಿ ಪರೀಕ್ಷಿಸಲೆಂದು ಚಿಕ್ಕಪ್ಪ ತೋಟಾ ತುಂಬಿ, ಎಳೆದಿದ್ದ ಸ್ಲೈಡನ್ನು ಬಿಟ್ಟರು. ಟ್ರಿಗರ್ ಮೇಲೆ ಅವರ ಬೆರಳೇ ಇರಲಿಲ್ಲ. ಸ್ಲೈಡ್ ಮುಚ್ಚಿದ ಕ್ಷಣದಲ್ಲೇ ಗುಂಡು ಹಾರಿ, ಪಕ್ಕದಲ್ಲಿ ನಿಂತಿದ್ದ ಅವರ ಮಗನ ಎಡಗೈಯನ್ನು ಸೀಳಿಕೊಂಡು ಹೋಯಿತು. ಅವನ ಎರಡು ಬೆರಳುಗಳು ಇಂದಿಗೂ ಮಡಚುವುದಿಲ್ಲ.

ಹೀಗಾಗಲು ಕಾರಣವೇನೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅರ ಹಿಡಿಯುವವರಿಗೆ ಹೊರನೋಟಕ್ಕೆ ಕಾಣದ ಅಪಾಯ ಇಲ್ಲಿಯೇ ಇದೆ. ಹಿಂದಕ್ಕೆ ಎಳೆದು ನಿಲ್ಲಿಸಿದ ಹ್ಯಾಮರನ್ನು, ಅಂದರೆ ಬಡಿದು ಗುಂಡು ಸಿಡಿಸುವ ಸುತ್ತಿಗೆಯಂತಹ ಭಾಗವನ್ನು, ಟ್ರಿಗರ್ ಒತ್ತುವವರೆಗೂ ತಡೆದು ಹಿಡಿಯುವುದು ಸಿಯರ್ ಎಂಬ ಪುಟ್ಟ ಭಾಗದ ಅಂಚು. ಇಂತಹ ಹಳೆಯ ಭಾಗಗಳಲ್ಲಿ ಹಲವನ್ನು ಕಾಯಿಸಿ ಹದ ಮಾಡಿದಾಗ ಗಟ್ಟಿಯಾಗಿರುವುದು ಮೇಲಿನ ತೆಳುವಾದ ಪದರ ಮಾತ್ರ, ಅದರ ಒಳಗಿನ ಲೋಹ ಮೆದುವಾಗಿಯೇ ಇರುತ್ತದೆ. ಅರ ಆಡಿಸಿದರೆ ಆ ಪದರವೇ ಹೋಗುತ್ತದೆ, ಅಂಚಿನ ಕೋನವೂ ಕೆಡುತ್ತದೆ. ಖಾಲಿ ಪಿಸ್ತೂಲಿನಲ್ಲಿ ಒತ್ತಿ ನೋಡಿದಾಗ ಎಲ್ಲವೂ ನಯವಾಗಿ ಸರಿಯಾಗಿದೆ ಎನಿಸಿದರೂ, ಸ್ಲೈಡ್ ವೇಗವಾಗಿ ಬಂದು ಮುಚ್ಚುವಾಗಿನ ಪೆಟ್ಟಿಗೆ ಆ ಅಂಚು ಜಾರಿ, ಹ್ಯಾಮರ್ ತಾನಾಗಿ ಬೀಳಬಹುದು. ಹ್ಯಾಮರಿನ ಪೆಟ್ಟಿಗೆ ಮುಂದೆ ಹೋಗಿ ತೋಟಾವನ್ನು ಹೊಡೆಯುವ ಫೈರಿಂಗ್ ಪಿನ್ನಿನ ಕಥೆಯೂ ಇಂಥದ್ದೇ: ತುದಿ ಉದ್ದವಾದರೆ ಅಥವಾ ಚೂಪಾದರೆ ತೋಟಾದ ಹಿಂಬದಿಯ ಕ್ಯಾಪ್ ತೂತಾಗಿ ಬಿಸಿ ಅನಿಲ ಹಿಡಿದವರ ಕಡೆಗೆ ನುಗ್ಗುತ್ತದೆ, ಮುಂದಕ್ಕೆ ಸಿಕ್ಕಿಕೊಂಡರೆ ಸ್ಲೈಡ್ ಮುಚ್ಚುವ ಮೊದಲೇ ಗುಂಡು ಸಿಡಿಯಬಹುದು. ಗಾಣದ ಹಲ್ಲು ಸವೆದರೆ ಗಾಣ ನಿಲ್ಲುತ್ತದೆ, ಅಷ್ಟೆ. ಪಿಸ್ತೂಲಿನೊಳಗಿನ ಅಂಚು ಸವೆದರೆ ಗುಂಡು ಹೇಳದೆ ಕೇಳದೆ ಹಾರುತ್ತದೆ.

ಗಾಯಕ್ಕಿಂತ ದೀರ್ಘವಾಗಿ ಕಾಡುತ್ತಿರುವುದು ಕಾನೂನಿನ ತೊಡಕು. ಗುಂಡೇಟಿನ ಗಾಯವಾದ್ದರಿಂದ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದರು, ಎಫ್‌ಐಆರ್ ಆಯಿತು, ಪಿಸ್ತೂಲು ಜಪ್ತಿಯಾಯಿತು, ಪರವಾನಗಿಯೂ ಅಮಾನತ್ತಾಯಿತು. ನಮ್ಮಲ್ಲಿ ಬಹಳ ಜನ, ಪರವಾನಗಿ ಇದೆಯಲ್ಲ, ನಮ್ಮದನ್ನು ನಾವು ರಿಪೇರಿ ಮಾಡಿಕೊಂಡರೆ ತಪ್ಪೇನು ಎಂದುಕೊಂಡಿದ್ದಾರೆ. ಆ ಪರವಾನಗಿ ಇಟ್ಟುಕೊಳ್ಳುವುದಕ್ಕೆ ಮತ್ತು ಒಯ್ಯುವುದಕ್ಕೆ ಮಾತ್ರ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ತಯಾರಿಕೆಗೂ, ರಿಪೇರಿಗೂ, ಪರೀಕ್ಷೆಗೂ ಬೇರೆಯೇ ಪರವಾನಗಿ ಬೇಕು. ಬಿಡಿಭಾಗಗಳೂ ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಶಸ್ತ್ರಾಸ್ತ್ರಗಳೇ. 2019ರ ತಿದ್ದುಪಡಿಯ ನಂತರ ಇದನ್ನು ಉಲ್ಲಂಘಿಸಿದವರಿಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆವಾಸವಿದೆ. ಒಂದು ಸ್ಪ್ರಿಂಗ್ ಮಾಡಿಕೊಟ್ಟ ಆ ಲೇತ್ ಕೆಲಸಗಾರರೂ ಈಗ ಆರೋಪಿ. ಅವರ ಮನೆಯವರನ್ನು ನೋಡಿದಾಗ ನನಗೆ ಬಹಳ ಸಂಕಟವಾಗುತ್ತದೆ. ವಿದೇಶದಿಂದ ಆನ್‌ಲೈನ್‌ನಲ್ಲಿ ಭಾಗ ತರಿಸುವ ಆಲೋಚನೆಯೂ ಬೇಡ, ಆಮದಿಗೂ ಪರವಾನಗಿ ಕಡ್ಡಾಯ.

ನಿಮ್ಮ ಮನೆಯಲ್ಲಿ ಇಂತಹ ಪಿಸ್ತೂಲು ಕೆಟ್ಟಿದ್ದರೆ, ತೋಟಾಗಳನ್ನು ಬೇರೆ ಕಡೆ ಬೀಗ ಹಾಕಿಟ್ಟು, ಡೀಲರ್ ಪರವಾನಗಿಯಲ್ಲಿ ರಿಪೇರಿಯೂ ಸೇರಿದೆಯೇ ಎಂದು ಕೇಳಿ ತಿಳಿದುಕೊಂಡು ಅವರಲ್ಲಿಗೆ ಮಾತ್ರ ಒಯ್ಯಿರಿ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ರಸೀದಿ ಪಡೆಯಿರಿ. ಅಲ್ಲಿಯೂ ಆಗದೆಂದರೆ ಪರವಾನಗಿ ಪ್ರಾಧಿಕಾರಕ್ಕೆ, ಅಂದರೆ ಮಂಡ್ಯದಲ್ಲಿ ಜಿಲ್ಲಾಧಿಕಾರಿಗಳಿಗೆ, ಮೈಸೂರು ನಗರದಲ್ಲಿ ಪೊಲೀಸ್ ಆಯುಕ್ತರಿಗೆ ಅರ್ಜಿ ಕೊಟ್ಟು ಒಪ್ಪಿಸಿಬಿಡಿ. ಪರವಾನಗಿ ಪಡೆದಿದ್ದ ಹಿರಿಯರು ತೀರಿಕೊಂಡಿದ್ದರಂತೂ, ಪಿಸ್ತೂಲು ಕೆಟ್ಟಿರಲಿ ಸರಿಯಾಗಿರಲಿ, ವಾರಸುದಾರರ ಹೆಸರಿಗೆ ಪರವಾನಗಿ ಆಗುವವರೆಗೂ ಅದು ಮನೆಯಲ್ಲಿ ಇರಕೂಡದು. ತಡಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಪಡೆದ ಡೀಲರ್ ಬಳಿಯೋ ಠೇವಣಿ ಇಡಿ.