ಮಳೆ ನೀರು ಅಂದುಕೊಂಡು ಬ್ರೇಕ್ ಹಿಡಿಯಬೇಡಿ, ಅದು ಮೀನಿನ ನೀರು

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಹೊರಟವು ಅಂದರೆ ಬೈತಖೋಲ, ತದಡಿ, ಕಾಸರಕೋಡ ಬಂದರುಗಳಿಂದ ಮೀನಿನ ಲಾರಿಗಳೂ ಹೆದ್ದಾರಿ 66ಕ್ಕೆ ಇಳಿಯುತ್ತವೆ. ಆಗ ಮಳೆಗಾಲ ಇನ್ನೂ ಮುಗಿದಿರುವುದಿಲ್ಲ. ಆಗಸ್ಟ್, ಸೆಪ್ಟೆಂಬರಿನ ಜಿಟಿಜಿಟಿ ಮಳೆಗೆ ಲಾರಿಯಿಂದ ಸೋರಿದ ನೀರು ಸೇರಿದರೆ ರಸ್ತೆ ಹೇಗಿರುತ್ತದೆ ಎಂಬುದು ಕಾರವಾರ, ಅಂಕೋಲಾ, ಕುಮಟಾ ಕಡೆ ದಿನಾ ಸ್ಕೂಟರಿನಲ್ಲಿ ಓಡಾಡುವವರಿಗೆ ಗೊತ್ತು. ಹೊಸದಾಗಿ ಗಾಡಿ ಹಿಡಿದ ಕಾಲೇಜು ಮಕ್ಕಳು, ಘಟ್ಟದ ಮೇಲಿನಿಂದ ಗೋಕರ್ಣ, ಮುರ್ಡೇಶ್ವರಕ್ಕೆ ಬೈಕಿನಲ್ಲಿ ಬರುವವರು ದಯವಿಟ್ಟು ಇದನ್ನು ಓದಿ.

ಬೀಳುವುದು ಹೆಚ್ಚಾಗಿ ಹೀಗೆ. ಸ್ಕೂಟರ್ ನಲವತ್ತರ ವೇಗದಲ್ಲಿ ತಿರುವಿಗೆ ಬರುತ್ತದೆ. ರಸ್ತೆ ಕಪ್ಪಗೆ ಹೊಳೆಯುತ್ತಿರುತ್ತದೆ, ಮಳೆ ಬಂದು ನಿಂತಿರಬೇಕು ಅನ್ನಿಸುತ್ತದೆ. ತಿರುವಿನ ನಡುವೆ ವೇಗ ಹೆಚ್ಚಾಯಿತೆಂದು ಓಡಿಸುವವರು ಒಂಚೂರು ಬ್ರೇಕ್ ಒತ್ತುತ್ತಾರೆ. ಅಷ್ಟೇ. ಮುಂದಿನ ಗಾಲಿ ತಿರುಗುವುದು ನಿಂತು ಪಕ್ಕಕ್ಕೆ ಸರಿಯುತ್ತದೆ, ಕಾಲು ಊರುವಷ್ಟರಲ್ಲಿ ಸೊಂಟ, ಮೊಣಕೈ ನೆಲಕ್ಕೆ ಬಡಿದಿರುತ್ತದೆ. ಗಾಡಿ ತಿರುಗುತ್ತ ಎದುರಿನ ಲೇನಿಗೆ ಹೋಗುತ್ತದೆ. ತರಚಿದ ಗಾಯ ವಾಸಿಯಾದೀತು. ಆದರೆ ಹಿಂದೆ ಬರುತ್ತಿರುವ ಬಸ್ಸೂ ಅದೇ ಜಿಡ್ಡಿನ ಮೇಲೆ ಬ್ರೇಕ್ ಹಾಕಬೇಕು. ಜೀವ ಹೋಗುವುದು ಅಲ್ಲಿ.

ಲಾರಿಯಿಂದ ಸೋರುವುದು ಬರೀ ಐಸ್ ಕರಗಿದ ನೀರಲ್ಲ. ಅದರಲ್ಲಿ ರಕ್ತ, ಲೋಳೆ, ಹುರುಪೆ, ತಾರ್ಲೆ, ಬಂಗಡೆ ಮೀನುಗಳ ಎಣ್ಣೆ ಎಲ್ಲ ಇರುತ್ತವೆ. ನೀರು ಆರಿದರೂ ಎಣ್ಣೆ ಡಾಂಬರಿನ ಕಲ್ಲಿಗೆ ಅಂಟಿಕೊಂಡು ಉಳಿಯುತ್ತದೆ. ಮೇಲೆ ನಾಲ್ಕು ಹನಿ ಬಿದ್ದ ಕೂಡಲೇ ಅದು ಎದ್ದು, ಟೈರಿಗೂ ರಸ್ತೆಗೂ ನಡುವೆ ತೆಳು ಪದರವಾಗಿ ನಿಲ್ಲುತ್ತದೆ. ಜೋರು ಮಳೆ ಅರ್ಧ ತಾಸು ಹೊಡೆದರೆ ಬಹಳಷ್ಟು ತೊಳೆದು ಹೋಗುತ್ತದೆ, ಸಣ್ಣ ಮಳೆ ಅದನ್ನು ಹರಡುತ್ತದೆ. ಹಾಗಾಗಿ ಜೋರು ಮಳೆಗಿಂತ ಸಣ್ಣ ಮಳೆಗೇ ಹೆಚ್ಚು ಹೆದರಬೇಕು.

ಲೆಕ್ಕ ನೋಡಿ. ಒಣ ಡಾಂಬರಿನ ಮೇಲೆ ಘರ್ಷಣೆಯ ಅಂಕ (ಟೈರಿಗೆ ರಸ್ತೆಯ ಮೇಲಿರುವ ಹಿಡಿತದ ಅಳತೆ) 0.7 ಎಂದು ಹಿಡಿದರೆ, ಗಂಟೆಗೆ 40 ಕಿ.ಮೀ. ವೇಗದ ಗಾಡಿ ಬ್ರೇಕ್ ಹಿಡಿದ ಮೇಲೆ ಸುಮಾರು 12 ಹೆಜ್ಜೆ, ಅಂದರೆ 9 ಮೀಟರಿನಲ್ಲಿ ನಿಲ್ಲುತ್ತದೆ. ಜಿಡ್ಡಿನ ಮೇಲೆ ಆ ಅಂಕ 0.2ಕ್ಕೆ ಇಳಿದರೆ 31 ಮೀಟರ್ ಬೇಕು. ಅದೇ ಜಿಡ್ಡಿನ ಮೇಲೆ 20ರ ವೇಗವಿದ್ದರೆ 8 ಮೀಟರ್ ಸಾಕು. ತಿರುವಿನ ಲೆಕ್ಕವೂ ಹಾಗೆಯೇ: 30 ಮೀಟರ್ ತ್ರಿಜ್ಯದ ತಿರುವನ್ನು ಒಣಗಿದ್ದಾಗ 50ರಲ್ಲಿ ದಾಟಬಹುದು, ಜಿಡ್ಡಿದ್ದರೆ 27 ಮೀರಿದ ಕೂಡಲೇ ಗಾಡಿ ಹೊರಗೆ ಜಾರುತ್ತದೆ. ಅದೂ ಬ್ರೇಕ್ ಮುಟ್ಟದಿದ್ದರೆ. ಆದ್ದರಿಂದ ವೇಗ ಇಳಿಸುವ ಕೆಲಸವೆಲ್ಲ ತಿರುವಿಗೆ ಮುಂಚೆ, ಗಾಡಿ ನೆಟ್ಟಗಿರುವಾಗಲೇ ಮುಗಿಯಬೇಕು.

ನೀರು ಎಲ್ಲೆಂದರಲ್ಲಿ ಚೆಲ್ಲುವುದಿಲ್ಲ, ಅದಕ್ಕೆ ಖಾಯಂ ಜಾಗಗಳಿವೆ. ಹಂಪ್ ದಾಟಿದ ತಕ್ಷಣ, ತಿರುವಿನ ಹೊರಬದಿ, ಲಾರಿ ನಿಂತು ಹೊರಡುವ ಚೆಕ್‌ಪೋಸ್ಟ್ ಮತ್ತು ಚಹಾ ಅಂಗಡಿಗಳ ಎದುರು. ಏರಿನಲ್ಲಿ ತೊಟ್ಟಿಯ ನೀರೆಲ್ಲ ಹಿಂದಿನ ಬಾಗಿಲಿಗೆ ಬಂದು ಸುರಿಯುತ್ತದೆ, ಹುಬ್ಬಳ್ಳಿ ಕಡೆ ಹೋಗುವ ಲಾರಿಗಳಿಂದ ಅರಬೈಲು ಘಟ್ಟದಲ್ಲಿ ಆಗುವುದು ಇದೇ. ಘಟ್ಟ ಇಳಿಯುವವರು ಓವರ್‌ಟೇಕ್ ಮಾಡಲೆಂದು ಏರುವ ಲೇನಿಗೆ ಹೋದರೆ ನೇರವಾಗಿ ಅದರ ಮೇಲೆಯೇ ಹೋಗುತ್ತಾರೆ. ಕಾರವಾರ ಮತ್ತು ಬಿಣಗಾ ನಡುವಿನ ಸುರಂಗಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ಒಳಗೆ ಮಳೆ ಬೀಳುವುದಿಲ್ಲ, ಹಾಗಾಗಿ ಸೋರಿದ್ದು ತೊಳೆದು ಹೋಗುವುದೂ ಇಲ್ಲ. ಗಾಡಿಗಳ ಟೈರು ಹೊರಗಿನ ನೀರನ್ನು ಒಳಗೆ ತರುತ್ತವೆ, ಬೆಳಕಿನಿಂದ ಒಳಹೊಕ್ಕ ಕಣ್ಣಿಗೆ ಮೊದಲ ಕೆಲವು ಕ್ಷಣ ರಸ್ತೆ ಸರಿಯಾಗಿ ಕಾಣುವುದಿಲ್ಲ. ಸುರಂಗದ ಬಾಯಿಗೆ ಬರುವ ಮೊದಲೇ ವೇಗ ಇಳಿಸಿಕೊಳ್ಳಿ.

ಗುರುತಿಸುವುದು ಕಷ್ಟ, ಆದರೆ ಸಾಧ್ಯ. ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ, ಹೆಲ್ಮೆಟ್ಟಿನ ಗಾಜು ಪೂರ್ತಿ ಮುಚ್ಚಿಕೊಂಡಿದ್ದರೆ ಅದೂ ತಪ್ಪುತ್ತದೆ. ಮಳೆಯಿಲ್ಲದ ದಿನ ಲೇನಿನ ಒಂದೇ ಬದಿಗೆ ಉದ್ದಕ್ಕೂ ಒದ್ದೆ ಗೆರೆ ಕಂಡರೆ ಅದು ಮಳೆಯದ್ದಲ್ಲ. ಮಳೆಯಿದ್ದರೆ, ಟೈರು ಓಡುವ ಜಾಗದಲ್ಲಿ ಬಿಳಿ ನೊರೆ ಕಾಣುತ್ತದೆ. ರಸ್ತೆ ಮೇಲೆ ಕಾಗೆಗಳು ಕುಕ್ಕುತ್ತಿದ್ದರೆ, ನಾಯಿ ಡಾಂಬರು ನೆಕ್ಕುತ್ತಿದ್ದರೆ ಅಲ್ಲಿ ಮೀನಿನ ನೀರು ಬಿದ್ದಿದೆ ಎಂದೇ ತಿಳಿಯಿರಿ.

ಗೊತ್ತಾಗುವಷ್ಟರಲ್ಲಿ ಅದರ ಮೇಲೆಯೇ ಇದ್ದರೆ ಬ್ರೇಕ್ ಮುಟ್ಟಬೇಡಿ. ಎಕ್ಸಲರೇಟರ್ ಸಾವಕಾಶ ಬಿಡಿ, ಒಮ್ಮೆಲೇ ಬಿಟ್ಟರೂ ಹಿಂದಿನ ಗಾಲಿ ಜಾರಬಹುದು. ಹ್ಯಾಂಡಲ್ ನೆಟ್ಟಗೆ, ಗಾಡಿ ನೆಟ್ಟಗೆ, ಕಾಲು ಫುಟ್‌ಬೋರ್ಡಿನ ಮೇಲೇ ಇರಲಿ. ಕಾಲು ಕೆಳಗೆ ಚಾಚಿದರೆ ಪಾದದ ಗಂಟು ಮುರಿಯಬಹುದು. 125 ಸಿಸಿವರೆಗಿನ ಹೆಚ್ಚಿನ ಸ್ಕೂಟರುಗಳಲ್ಲಿ ಇರುವುದು ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಅಲ್ಲ, ಎರಡೂ ಗಾಲಿಗೆ ಒಟ್ಟಿಗೆ ಬ್ರೇಕ್ ಹಾಕುವ ಸಿಬಿಎಸ್. ಅದರಲ್ಲಿ ಎಡಗೈ ಬ್ರೇಕ್ ಹಿಡಿದರೂ ಮುಂದಿನ ಗಾಲಿಗೂ ಸ್ವಲ್ಪ ಬ್ರೇಕ್ ಬೀಳುತ್ತದೆ. ಹಿಂದಿನ ಬ್ರೇಕ್ ಮಾತ್ರ ಹಿಡಿದೆ ಎಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಬಿಎಸ್ ಇದ್ದ ಬೈಕಿನವರೂ ತಿಳಿಯಬೇಕು: ಅದು ಗಾಲಿ ಕಚ್ಚಿಕೊಳ್ಳದಂತೆ ತಡೆಯುತ್ತದೆ, ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ. ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತವರಿದ್ದರೆ ಗಾಡಿ ಸರಿದೂಗಿಸುವುದು ಇನ್ನೂ ಕಷ್ಟ. ಆಗಸ್ಟ್, ಸೆಪ್ಟೆಂಬರಿನ ಈ ಎರಡು ತಿಂಗಳಾದರೂ ಎರಡೂ ಬದಿಗೆ ಕಾಲು ಹಾಕಿ ಕೂರಲು ಹೇಳಿ.

ದಾಟಿದ ಮೇಲೂ ಕೆಲಸ ಮುಗಿಯುವುದಿಲ್ಲ, ಟೈರಿನಲ್ಲಿ, ಡಿಸ್ಕಿನಲ್ಲಿ ಎಣ್ಣೆ ಉಳಿದಿರುತ್ತದೆ. ನೇರ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ಸಾವಕಾಶ ಮೂರು ನಾಲ್ಕು ಬಾರಿ ಬ್ರೇಕ್ ಒತ್ತಿ ನೋಡಿ. ಮನೆಗೆ ಬಂದು ಟೈರು, ಡಿಸ್ಕು ಎರಡನ್ನೂ ಸೋಪಿನ ನೀರಿನಲ್ಲಿ ಉಜ್ಜಿ ತೊಳೆಯಿರಿ. ಬರೀ ನೀರಿಗೆ ಎಣ್ಣೆ ಹೋಗುವುದಿಲ್ಲ. ಬ್ರೇಕ್ ಪ್ಯಾಡ್ ಎಣ್ಣೆ ಹೀರಿಕೊಂಡಿದ್ದರೆ ತೊಳೆದರೂ ಪ್ರಯೋಜನವಿಲ್ಲ, ಬದಲಿಸಬೇಕು. ಟೈರಿನ ಪಕ್ಕ ಸವೆತ ತಿಳಿಸುವ ಟಿಡಬ್ಲ್ಯುಐ (TWI) ಎಂಬ ಗುರುತು ಇರುತ್ತದೆ, ಅದರ ನೇರಕ್ಕೆ ಟೈರಿನ ಗೀರಿನೊಳಗೆ ಸಣ್ಣ ಉಬ್ಬು. ಟೈರು ಆ ಉಬ್ಬಿನ ಮಟ್ಟಕ್ಕೆ ಸವೆದಿದ್ದರೆ ಮಳೆಗಾಲಕ್ಕೆ ಮುಂಚೆಯೇ ತೆಗೆಸಿ.

ಶಾಲೆಗೆ ಸೈಕಲ್ ಹೊಡೆಯುವ ಮಕ್ಕಳ ವಿಷಯ ಬೇರೆ. ಸೈಕಲ್ಲಿನ ರಿಮ್ ಬ್ರೇಕ್ ಒದ್ದೆಯಾದರೆ ಕಚ್ಚಲು ಒಂದೆರಡು ಸುತ್ತು ಬೇಕು, ಜಿಡ್ಡು ತಾಗಿದರೆ ಕಚ್ಚುವುದೇ ಇಲ್ಲ. ಇಂಥ ಜಾಗದಲ್ಲಿ ಇಳಿದು ತಳ್ಳಿಕೊಂಡು ಹೋಗುವಂತೆ ಹೇಳಿಕೊಡಿ. ನಡೆಯುವವರು ಅಡಿ ಸವೆದ ಹವಾಯಿ ಚಪ್ಪಲಿಯಲ್ಲಿ ಮೀನು ಪೇಟೆ ಎದುರಿನ ರಸ್ತೆ ದಾಟುವಾಗ ಹೆಜ್ಜೆ ಚಿಕ್ಕದಾಗಿ, ಪಾದ ಪೂರ್ತಿ ಊರಿ ನಡೆಯಬೇಕು. ವಯಸ್ಸಾದವರಿಗೆ ಜಾರಿ ಬೀಳುವುದೆಂದರೆ ಸೊಂಟದ ಮೂಳೆಯ ಮಾತು.

ಯಾರಾದರೂ ಬಿದ್ದಿದ್ದು ಕಂಡರೆ ಮೊದಲು ಗಾಡಿ ಎತ್ತಲು ಓಡಬೇಡಿ. ಒಬ್ಬರು ಐವತ್ತು ಮೀಟರ್ ಹಿಂದೆ ಹೋಗಿ ಬರುವ ವಾಹನಗಳಿಗೆ ಕೈ ಬೀಸಲಿ, ಸೊಪ್ಪಿನ ಟೊಂಗೆ ರಸ್ತೆಯಲ್ಲಿಡಲಿ. ಆಮೇಲೆ ಬಿದ್ದವರನ್ನು ರಸ್ತೆಯಿಂದ ಆಚೆಗೆ ತನ್ನಿ. ಕುತ್ತಿಗೆ, ಬೆನ್ನು ನೋವು ಅಂದರೆ ಎಳೆದಾಡದೆ, ವಾಹನಗಳನ್ನು ನಿಲ್ಲಿಸಿ 108ಕ್ಕೆ ಕರೆ ಮಾಡಿ. ಜಿಡ್ಡಿನ ಮೇಲೆ ಒರಟು ಮರಳು, ಜಲ್ಲಿ ಪುಡಿ ಅಥವಾ ಕಟ್ಟಿಗೆ ಹೊಟ್ಟು ಹಾಕಬಹುದು. ಪಕ್ಕದ ಕೆಂಪು ಮಣ್ಣು ಎಳೆದು ಹಾಕಿದರೆ ಅದು ರಾಡಿಯಾಗಿ ಇನ್ನಷ್ಟು ಜಾರುತ್ತದೆ.

ಲಾರಿಯವರಿಗೂ ಒಂದು ಮಾತು. ನೀರು ಹಿಡಿಯಲು ಟ್ಯಾಂಕ್ ಕೂರಿಸಿ, ರಾತ್ರಿ ಓಡುವಾಗ ಅದರ ನಲ್ಲಿ ತೆರೆದುಬಿಡುವುದು ಹಿಂದೆ ಬರುವವನ ಜೀವ ತೆಗೆಯುವ ಕೆಲಸ. ಬಂದರಿನಲ್ಲೇ ಖಾಲಿ ಮಾಡಿ, ನಲ್ಲಿ ಬಿಗಿಯಾಗಿದೆಯೇ ನೋಡಿ ಹೊರಡಿ. ಸುರಿಯುತ್ತ ಹೋಗುವ ಲಾರಿ ಕಂಡವರು ಅದರ ಹಿಂದೆಯೇ ಹೋಗಬೇಡಿ, ಗಾಡಿ ಬದಿಗೆ ನಿಲ್ಲಿಸಿ ನಂಬರ್, ಹೋದ ದಿಕ್ಕು, ಹೊತ್ತು, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಬರೆದುಕೊಂಡು 112ಕ್ಕೆ ತಿಳಿಸಿ. ರಸ್ತೆ ತೊಳೆಸಬೇಕಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೂ ಹೇಳಿ. ಕಲ್ಲಿನ ಸಂಖ್ಯೆ ಕೊಟ್ಟರೆ ಅವರಿಗೆ ಜಾಗ ಹುಡುಕುವುದು ಸುಲಭ.