ವಾಸನೆ ಹೀರಲು ಸೋಫಾ ಕೆಳಗಿಟ್ಟ ಇದ್ದಿಲ ಚೀಲ: ಮೂರು ಮಳೆಗಾಲ ಬಳಸಿದ ಮೇಲೆ

2022ರ ಜೂನ್‌ನಲ್ಲಿ ನಮ್ಮ ಯಜಮಾನರ ಸೋದರಮಾವ ಬೆಂಗಳೂರಿನ ಮನೆ ಖಾಲಿ ಮಾಡಿದರು. ಮೂರು ಜನ ಕೂರುವ ಕಂದು ಸೋಫಾ ಒಂದಿತ್ತು. ರೆಕ್ಸಿನ್ ಅಲ್ಲ, ಅಸಲಿ ಚರ್ಮ. "ಸುಮ್ನೆ ತಗೊಂಡು ಹೋಗ್ರಿ" ಅಂದರು. ದಾವಣಗೆರೆ ವಿದ್ಯಾನಗರದ ನಮ್ಮ ಮನೆಗೆ ಸೋಫಾ ಬಂದಿಳಿಯಿತು. ಜೊತೆಗೆ ಮಾವನವರ ಇಪ್ಪತ್ತು ವರ್ಷದ ಸಿಗರೇಟೂ ಬಂತು. ಒಂದು ವರ್ಷ ಬಾಗಿಲು ಹಾಕಿದ್ದ ಮನೆ, ಹಾಗಾಗಿ ಮುಗ್ಗಲು ವಾಸನೆ ಬೇರೆ.

ನಮ್ಮ ಅತ್ತೆಗೆ ಮೊದಲೇ ಚರ್ಮದ ಮೇಲೆ ಕೂರುವುದು ಅಂದರೆ ಅಷ್ಟಕ್ಕಷ್ಟೆ. "ಇದರ ಮ್ಯಾಲೆ ಕುಂತು ವಿಭೂತಿ ಹಚ್ಚಿಕೊಳ್ಳಾಕಾಗುತ್ತೇನೇ?" ಅಂದು ದಿನಾ ಎರಡು ಊದುಬತ್ತಿ ಹಚ್ಚತೊಡಗಿದರು. ಸಿಗರೇಟು, ಮುಗ್ಗಲು, ಊದುಬತ್ತಿ ಮೂರೂ ಸೇರಿದ ವಾಸನೆಯನ್ನು ಹೇಗೆ ವಿವರಿಸಲಿ!

ನಾನು ಮೊದಲು ಮಾಡಿದ್ದೆಲ್ಲ ತಪ್ಪೇ. ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟೆ. ಸೋಡಾ ಕ್ಷಾರ, ಚರ್ಮಕ್ಕೆ ಸ್ವಲ್ಪ ಆಮ್ಲದ ಗುಣ. ಎರಡಕ್ಕೂ ಆಗಿಬರುವುದಿಲ್ಲ. ಹೊಲಿಗೆಯೊಳಗೆ ಸೇರಿದ ಬಿಳಿ ಪುಡಿ ತೆಗೆಯಲು ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಎರಡು ದಿನ ಕೂತಿದ್ದೆ. ಆಮೇಲೆ ಮನೆಗೆ ಬಂದು ಸೋಫಾ ತೊಳೆದುಕೊಡುವವರನ್ನು ಕರೆಸಿದೆ. ಹೆಸರು ಬೇಡ ಬಿಡಿ. 1,800 ರೂಪಾಯಿ ತಗೊಂಡು, ಯಂತ್ರದಲ್ಲಿ ಶಾಂಪೂ ನೊರೆ ಹಾಕಿ ಉಜ್ಜಿ, ಮಲ್ಲಿಗೆ ಸೆಂಟು ಹೊಡೆದು ಹೋದರು. ಒಂದು ವಾರ ಘಮಘಮ. ಎಂಟನೇ ದಿನ ಒಳಗಿಳಿದ ನೀರು ಆರದೆ, ಮೊದಲಿಗಿಂತ ಜಾಸ್ತಿ ಗಬ್ಬು. ಅದು ಜುಲೈ ತಿಂಗಳು, ಮಲೆನಾಡಿನ ಕಡೆಯಿಂದ ಜಿಟಿಜಿಟಿ ಮಳೆ ಬರುವ ಕಾಲ. ಹಿಂಭಾಗದ ಬಟ್ಟೆಗೆ ಬೂಸ್ಟು ಹಿಡಿಯಿತು.

ದಾರಿ ತೋರಿಸಿದ್ದು ಕುಶನ್ ಅಂಗಡಿಯ ಒಬ್ಬ ಹಿರಿಯರು. ಸೋಫಾಕ್ಕೆ ಮೂಗು ಹಚ್ಚಿ, ಸೀಟಿನ ಝಿಪ್ ಎಳೆದು, "ಅಕ್ಕಾ, ವಾಸ್ನೆ ಚರ್ಮದಾಗಿಲ್ಲ, ಒಳಗಿನ ಸ್ಪಂಜಿನಾಗೈತಿ. ಮ್ಯಾಲೆ ಎಷ್ಟು ತಿಕ್ಕಿದ್ರೂ ಅಷ್ಟೇ" ಅಂದರು. ಬೆಣ್ಣೆ ದೋಸೆಯ ಊರಿನಲ್ಲಿ ಇಷ್ಟು ಕಾಲ ಇದ್ದೂ ಮೇಲಿನದನ್ನೇ ನೆಕ್ಕುತ್ತಾ ಕೂತಿದ್ದೆ ನೋಡಿ.

ಸ್ಪಂಜು ಹೊರತೆಗೆದು ತಾರಸಿಯಲ್ಲಿ ಬಿಸಿಲಿಗೆ ಹಾಕಿದೆ. ಚರ್ಮದ ಕವರನ್ನು ಮಾತ್ರ ನೆರಳಲ್ಲೇ ಇಟ್ಟೆ. ನಮ್ಮೂರ ಬಿಸಿಲಿಗೆ ಚರ್ಮ ಒಣಗಿ ಸೀಳುತ್ತದೆ. ಬಿಳಿ ವಿನಿಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ, ಹಿಂಡಿದ ಹತ್ತಿ ಬಟ್ಟೆಯಲ್ಲಿ ಚರ್ಮ ಒರೆಸಿದೆ. ಮೊದಲು ಹಿಂದೆ ಕಾಣದ ಮೂಲೆಯಲ್ಲಿ ಒರೆಸಿ, ಬಣ್ಣ ಬಿಡುವುದಿಲ್ಲ ಅಂತ ನೋಡಿಕೊಂಡೇ ಮುಂದುವರಿದೆ. ಸಿಗರೇಟಿನ ನಿಕೋಟಿನ್ ಕ್ಷಾರದ ಗುಣದ್ದು, ಅದಕ್ಕೆ ವಿನಿಗರ್ ಒಗ್ಗುತ್ತದೆ. ಬಟ್ಟೆಗೆ ಹತ್ತಿದ ಹಳದಿ ಕೊಳೆ ನೋಡಿ ಯಜಮಾನರು ಆ ದಿನ ಸಿಗರೇಟು ಮುಟ್ಟಲಿಲ್ಲ. ಮರುದಿನ ಮುಟ್ಟಿದರು. ವಿನಿಗರ್ ವಾಸನೆ ಒಂದು ದಿನದಲ್ಲಿ ಹೋಗುತ್ತದೆ. ಆಮೇಲೆ ಚರ್ಮದ ಕಂಡಿಷನರ್ ತೆಳ್ಳಗೆ ಹಚ್ಚಬೇಕು, ಇಲ್ಲದಿದ್ದರೆ ಬಿರುಸಾಗುತ್ತದೆ.

ಇಷ್ಟಾದ ಮೇಲೂ ಉಳಿದ ವಾಸನೆಗೇ ನಾನು ಇದ್ದಿಲ ಚೀಲ ತರಿಸಿದ್ದು. ಆಕ್ಟಿವೇಟೆಡ್ ಚಾರ್ಕೋಲ್ ಅಂತ ಮಾರುತ್ತಾರಲ್ಲ, ಅದೇ. 200 ಗ್ರಾಂನ ನಾಲ್ಕು ಚೀಲಕ್ಕೆ ಸುಮಾರು 600 ರೂಪಾಯಿ ಬಿತ್ತು. ಇಸ್ತ್ರಿ ಅಂಗಡಿಯ ಇದ್ದಿಲನ್ನೂ ಮೊದಲು ಬಟ್ಟೆಯಲ್ಲಿ ಕಟ್ಟಿ ಇಟ್ಟು ನೋಡಿದ್ದೆ. ಕರಿ ಮಸಿ ಬಿಟ್ಟರೆ ಏನೂ ಸಿಗಲಿಲ್ಲ. ಆಕ್ಟಿವೇಟೆಡ್ ಇದ್ದಿಲಲ್ಲಿ ಸಣ್ಣ ಸಣ್ಣ ತೂತು ಎಷ್ಟಿರುತ್ತವೆ ಅಂದರೆ, ಒಂದೇ ಗ್ರಾಂನ ಒಳಮೈ 500 ಚದರ ಮೀಟರಿಗಿಂತ ಜಾಸ್ತಿ. ಮೂವತ್ತು-ನಲವತ್ತರ ನಾಲ್ಕು ಸೈಟು ಒಂದು ಚಿಟಿಕೆ ಇದ್ದಿಲಲ್ಲಿ! ವಾಸನೆಯ ಕಣಗಳು ಅಲ್ಲಿ ಹೋಗಿ ಅಂಟಿಕೊಳ್ಳುತ್ತವೆ.

ಆದರೆ ಮೊದಲ ಒಂದು ತಿಂಗಳು ದುಡ್ಡು ದಂಡ ಅಂದುಕೊಂಡಿದ್ದೆ. ಚೀಲ ಸೋಫಾ ಕೆಳಗೆ, ತಲೆ ಮೇಲೆ ಫ್ಯಾನು, ಬಾಗಿಲು ತೆರೆದಿದೆ. ಇಡೀ ಹಾಲ್‌ನ ಗಾಳಿಯನ್ನು 800 ಗ್ರಾಂ ಇದ್ದಿಲು ಏನು ಮಾಡೀತು? ಶ್ರಾವಣದಲ್ಲಿ ಚನ್ನಗಿರಿಗೆ ಐದು ದಿನ ಹೋಗುವಾಗ, ಚೀಲಗಳನ್ನು ಸೀಟಿನ ಸಂದಿಯಲ್ಲಿ ತುರುಕಿ ಸೋಫಾ ಪೂರ್ತಿ ದಪ್ಪ ಹಾಸಿಗೆ ಹೊದಿಕೆ ಮುಚ್ಚಿ ಹೋದೆ. ಬಂದು ಹೊದಿಕೆ ತೆಗೆದರೆ ಮುಕ್ಕಾಲು ವಾಸನೆ ಮಾಯ. ಈಗ ಊರಿಗೆ ಹೋದಾಗೆಲ್ಲ ಇದೇ ಕೆಲಸ.

ದೂರುಗಳೂ ಇವೆ. ಮಳೆಗಾಲದಲ್ಲಿ ಚೀಲ ತೇವ ಹಿಡಿದು ಸೋಮಾರಿಯಾಗುತ್ತದೆ. ತಿಂಗಳಿಗೊಮ್ಮೆ ಬಿಸಿಲಿಗಿಟ್ಟರೆ ಹೊಸದರಂತೆ ಆಗುತ್ತದೆ ಅಂತ ಡಬ್ಬದ ಮೇಲೆ ಬರೆದಿದ್ದಾರೆ, ನಂಬಬೇಡಿ. ತೇವ ಹೋಗುತ್ತದೆ, ಒಂದಿಷ್ಟು ವಾಸನೆಯೂ ಬಿಡುತ್ತದೆ, ಅಷ್ಟೇ. ಒಂದೂವರೆ ವರ್ಷಕ್ಕೆ ಒಂದು ಚೀಲದ ಹೊಲಿಗೆ ಬಿಚ್ಚಿ, ತಿಳಿ ಬಣ್ಣದ ಟೈಲ್ಸ್ ಮೇಲೆ ಕರಿ ರಂಗೋಲಿ ಬಿತ್ತು.

ಕಳೆದ ವರ್ಷ ಮತ್ತೆ ಒಂದು ಕಮಟು ವಾಸನೆ ಶುರುವಾಯಿತು. ಚೀಲ ಸತ್ತಿತು ಅಂದುಕೊಂಡೆ. ಸೀಟು ಎತ್ತಿ ನೋಡಿದರೆ, ಸಂದಿಯಲ್ಲಿ ಯಜಮಾನರ ಗೆಳೆಯರು ಕ್ರಿಕೆಟ್ ನೋಡುತ್ತಾ ಚೆಲ್ಲಿದ್ದ ಖಾರ ಮಂಡಕ್ಕಿ, ಅರ್ಧ ಮೆಣಸಿನಕಾಯಿ ಬಜ್ಜಿ. ಬೆಳ್ಳುಳ್ಳಿ ಎಣ್ಣೆ ಸ್ಪಂಜಿಗೆ ಇಳಿದಿತ್ತು. ಪಾಪ, ಇದ್ದಿಲಿನದ್ದೇನೂ ತಪ್ಪಿರಲಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಸ್ಪಂಜು ಒಣಗಿಸದೆ ಬರೀ ಚೀಲ ಇಡುವವರಿಗೆ ಒಂದೂವರೆ.

ಅತ್ತೆ ಈಗ ಸೋಫಾ ಮೇಲೆ ಕೂರುತ್ತಾರೆ, ಒಂದು ಹತ್ತಿ ಟವೆಲ್ ಹಾಸಿಕೊಂಡು. ಬೇಸಿಗೆಯಲ್ಲಿ ತಾರಸಿಗೆ ಸಂಡಿಗೆ ಹಾಕುವಾಗ ಇದ್ದಿಲ ಚೀಲವನ್ನೂ ಅವರೇ ಒಯ್ಯುತ್ತಾರೆ, ಸಂಡಿಗೆಯಿಂದ ನಾಲ್ಕು ಮಾರು ದೂರ. ಹೊಲಿಗೆ ಬಿಚ್ಚಿದ ಚೀಲದ ಇದ್ದಿಲು ದಾಸವಾಳದ ಕುಂಡ ಸೇರಿದೆ.